ಊಟ ನೋಡಿ ಹಡಗು ಹೇಳುತ್ತಿದ್ದವರು

ಶಿವಶರಣಪ್ಪನವರು ಉಣ್ಣುವವರ ಕೈಗಳನ್ನು ನೋಡುತ್ತಿದ್ದರು. ರೊಟ್ಟಿ ಮುರಿಯುವ ಕೈ, ಪಕ್ಕದವರ ತಾಟಿಗೆ ಪಲ್ಯ ಸರಿಸುವ ಕೈ, ಅನ್ನ ಕಲಸಿಟ್ಟು ಮಾತಿನಲ್ಲಿ ಮರೆತುಬಿಡುವ ಕೈ. ತಮ್ಮ ಪಾಲಿನ ಅರ್ಧ ರೊಟ್ಟಿಯನ್ನು ಮುಕ್ಕಾಲು ಗಂಟೆ ಎಳೆದು ತಿನ್ನುತ್ತಿದ್ದರು. ಎದ್ದು ಕೈ ತೊಳೆದುಕೊಳ್ಳುವ ಹೊತ್ತಿಗೆ, ಊಟಕ್ಕೆ ಕರೆದ ಮನೆಯವರು ಯಾವ ಹಡಗಿನಲ್ಲಿ ಹೋದರೆ ಸುಖವಾಗಿರುತ್ತಾರೆ ಎಂಬುದು ಅವರಿಗೆ ಗೊತ್ತಾಗಿರುತ್ತಿತ್ತು.

ಅವರ ಕಚೇರಿ ಹಿಮಾಯತ್‌ನಗರದ ಮುಖ್ಯ ರಸ್ತೆಯಲ್ಲಿ, ಸೀರೆಗೆ ಫಾಲ್ ಹಚ್ಚುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಲಬುರಗಿ ಕಡೆಯ ಮನೆತನ. ತಂದೆ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದು ಇಲ್ಲಿಯವರೇ ಆಗಿಹೋದವರು. ಮಗ ನೌಕರಿಗೆ ಸೇರದೆ ಶ್ರೀಶೈಲಕ್ಕೆ, ಕಾಶಿಗೆ ಬಸ್ಸು ಕಳಿಸುವ ಕೆಲಸ ಹಿಡಿದರು. ಆಮೇಲೆ ರೈಲು, ವಿಮಾನದ ಟಿಕೆಟುಗಳು. ಜನ ಅವನ್ನೆಲ್ಲ ಫೋನಿನಲ್ಲೇ ತೆಗೆದುಕೊಳ್ಳತೊಡಗಿದ ಮೇಲೆ ಅವರ ಪಾಲಿಗೆ ಉಳಿದದ್ದು ಕ್ರೂಸ್ ಹಡಗುಗಳು ಮಾತ್ರ. "ವಿಮಾನ ತಪ್ಪು ಆರಿಸಿದ್ರ ಎರಡು ತಾಸಿನ ತ್ರಾಸ," ಎನ್ನುತ್ತಿದ್ದರು. "ಹಡಗ ತಪ್ಪು ಆರಿಸಿದ್ರ ಎಂಟು ದಿನ ಇಳದು ಹೋಗಾಕ ಬರೂದಿಲ್ಲ. ಅದಕ್ಕ ಮಂದಿ ಇನ್ನೂ ನನ್ನ ಮೆಟ್ಟಲಾ ಹತ್ತತಾರ."

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೇರೆ ಕೆಲಸ ಸಿಗುವವರೆಗೆಂದು ನಾನು ಅವರಲ್ಲಿ ಸೇರಿದೆ. ಎರಡು ವರ್ಷ ಇದ್ದೆ. ಅಪರಿಚಿತರೊಡನೆ ಮಾತಾಡುವುದು ನನಗೆ ಆಗ ಕಷ್ಟವಾಗಿತ್ತು, ಈಗಲೂ ಕಷ್ಟವೇ. ಆದ್ದರಿಂದ ಮೊದಲ ವಾರ ನನಗೆ ಬರುವ ಕೆಲಸ ಮಾಡಿದೆ. ಎಲ್ಲ ಹಡಗು ಕಂಪನಿಗಳನ್ನೂ ಒಂದು ದೊಡ್ಡ ಕೋಷ್ಟಕದಲ್ಲಿ ಹಾಕಿದೆ: ಎಷ್ಟು ಪ್ರಯಾಣಿಕರು, ಮಕ್ಕಳಿಗೆ ಪ್ರವೇಶವಿದೆಯೇ, ಎಷ್ಟು ದಿನ ಬರೀ ಸಮುದ್ರ, ಎಷ್ಟು ಬಂದರು, ಹಡಗಿನಲ್ಲಿ ಡಾಕ್ಟರಿದ್ದಾರೆಯೇ, ಯಾವ ವಯಸ್ಸಿನವರಿಗೆ ಯಾವುದು. ಅವರು ಕನ್ನಡಕ ಏರಿಸಿ ಓದಿದರು.

"ಇದೇನವಾ ತಂಗಿ, ಪಂಚಾಂಗ ಬರದೀಯಲ್ಲ?"

"ವಯಸ್ಸಿನ ಪ್ರಕಾರ ಯಾವುದು ಹೊಂದತೈತಿ ಅಂತ ಹಾಕೀನ್ರಿ ಸರ್."

"ಅರವತ್ತೈದು ದಾಟಿದವರನ್ನೆಲ್ಲಾ ಸಣ್ಣ ಹಡಗಿಗೆ ದಬ್ಬಿಬಿಟ್ಟಿ. ನನಗ ಅರವತ್ತೇಳು. ನನ್ನೂ ದಬ್ಬತಿಯೇನು?"

"ದಬ್ಬಲೇನ್ರಿ?"

"ದಬ್ಬಿ ನೋಡು. ನಾಳೆ ನಿನ್ನ ಖುರ್ಚಿ ಖಾಲಿ ಇರತೈತಿ."

ಅಂದರೂ ಕೋಷ್ಟಕವನ್ನು ಗೋಡೆಗೆ ಅಂಟಿಸಿಕೊಂಡರು. ಗಾಲಿಕುರ್ಚಿ ಯಾವುದರಲ್ಲಿ ಹೋಗುತ್ತದೆ, ಈರುಳ್ಳಿಯಿಲ್ಲದ ಅಡುಗೆ ಯಾವುದರಲ್ಲಿ ಸಿಗುತ್ತದೆ ಎಂದು ಅದರಲ್ಲೇ ನೋಡುತ್ತಿದ್ದರು. ಆದರೆ ಆಯ್ಕೆಯನ್ನು ಮಾತ್ರ ಅದಕ್ಕೆ ಬಿಟ್ಟವರಲ್ಲ. "ವಯಸ್ಸು ಪಾಸ್‌ಪೋರ್ಟಿಗೆ ಬೇಕು, ಹೊಟ್ಟಿಗೆ ಬೇಕಾಗಿಲ್ಲ," ಎನ್ನುತ್ತಿದ್ದರು. "ಹಡಗಿನ್ಯಾಗ ದಿನಾ ಅಂದ್ರ ಊಟಾನ, ತಂಗಿ. ನೀರು ಎಷ್ಟೊತ್ತು ನೋಡ್ತಾರ? ಅರ್ಧ ತಾಸು. ಆಮ್ಯಾಲ ಎಲ್ಲಾರೂ ಊಟದ ದಾರಿ ಕಾಯ್ತಾರ. ಒಂದು ಹಡಗಿನ್ಯಾಗ ಕೋಟು ಹಾಕ್ಕೊಂಡು, ಗುರ್ತಿಲ್ಲದವರ ಜೋಡಿ ಒಂದ ಮೇಜಿಗೆ, ಗಂಟಿ ಹೊಡದಂಗ ಕುಂಡ್ರಬೇಕು. ಇನ್ನೊಂದರಾಗ ಚಡ್ಡಿ ಮ್ಯಾಲ ಬಂದು ನಿಂತ ತಿನ್ನಬೌದು. ಯಾರಿಗೆ ಯಾವುದಂತ ಅವರ ತಾಟು ಹೇಳತೈತಿ."

ಹೀಗಾಗಿ ಉಣ್ಣುವುದನ್ನು ತಾವು ನೋಡದ ಹೊರತು ಯಾರಿಗೂ ಹಡಗು ಬುಕ್ ಮಾಡುತ್ತಿರಲಿಲ್ಲ. ಗಿರಾಕಿಗಳೇ ಅವರನ್ನು ಮನೆಗೆ ಊಟಕ್ಕೆ ಕರೆಯಬೇಕಿತ್ತು. ಬರೆದುಕೊಳ್ಳಲು ನಾನು ಜೊತೆಗೆ ಹೋಗುತ್ತಿದ್ದೆ. ಒಂದೊಂದು ಮನೆಗೆ ಒಂದೊಂದು ಹಳದಿ ಕಾರ್ಡು, ಅದರಲ್ಲಿ ಅವವೇ ನಾಲ್ಕು ಪ್ರಶ್ನೆ: ಮೊದಲು ಏನು ಮುಟ್ಟುತ್ತಾರೆ, ಎಷ್ಟು ಹೊತ್ತು ಉಣ್ಣುತ್ತಾರೆ, ಯಾವ ಕಡೆ ನೋಡುತ್ತಾರೆ, ಮಾತೋ ಮೌನವೋ.

ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನಲ್ಲಿ ಎಪ್ಪತ್ತೆರಡು ವರ್ಷದ ನಿವೃತ್ತ ಎಂಜಿನಿಯರ್ ಒಬ್ಬರಿದ್ದರು. ಸಂಜೆ ಪುಸ್ತಕ ಓದಿಕೊಂಡು, ಇತಿಹಾಸದ ಉಪನ್ಯಾಸ ಕೇಳಿಕೊಂಡು ಇರುವಂಥ ಸಣ್ಣ ಹಡಗು ಬೇಕೆಂದು ಅವರೇ ಹೇಳಿದ್ದರು. ನನ್ನ ಕೋಷ್ಟಕವೂ ಅದನ್ನೇ ಹೇಳಿತ್ತು. ಊಟಕ್ಕೆ ಕೂತವರು ನಾಲ್ಕು ಸಲ ಎದ್ದರು. ಒಮ್ಮೆ ಬಾಲ್ಕನಿಯಿಂದ ವಾಚ್‌ಮನ್ ಜೊತೆ ಮಾತಾಡಲು, ಒಮ್ಮೆ ಮೊಮ್ಮಗಳ ತಾಟಿನಿಂದ ಹಪ್ಪಳ ಕದಿಯಲು, ಉಳಿದೆರಡು ಸಲ ಯಾಕೆಂದು ಅವರಿಗೇ ತಿಳಿಯಲಿಲ್ಲ. ಕೆಳಗಿಳಿದು ಬರುವಾಗ ಶಿವಶರಣಪ್ಪನವರು ಲಿಫ್ಟಿನಲ್ಲಿ ನಕ್ಕರು. "ಈ ಮನಷ್ಯಾನ್ನ ಉಪನ್ಯಾಸಕ್ಕ ಕುಂಡ್ರಸತಿಯೇನು? ಮೂರನೇ ದಿನ ಹಡಗ ನಡಸಾವನ ಹತ್ರ ಹೋಗಿ, ಅತ್ತಾಗ ಸರಿ, ನಾ ನಡಸ್ತೀನಿ ಅಂತಾನ." ಜಾರುಬಂಡೆ, ಈಜುಕೊಳ, ಐದು ಸಾವಿರ ಜನರ ಹಡಗಿಗೆ ಹಾಕಿದರು. ಎಂಜಿನಿಯರರು ಹಿಂದಿರುಗಿದ ಮೇಲೆ ಮೆಟ್ಟಿಲ ಮೇಲಿಂದಲೇ ಸುದ್ದಿ ಹೇಳುತ್ತ ಒಳಗೆ ಬಂದರು. ಅದೇ ತಿಂಗಳು ಮಾದಾಪುರದ ಕಂಪನಿಯೊಂದರಲ್ಲಿದ್ದ ಹೊಸ ಗಂಡಹೆಂಡತಿ ಕುಣಿತದ ಹಡಗು ಕೇಳಿಕೊಂಡು ಬಂದಿದ್ದರು. ಅವರು ತಲೆ ತಗ್ಗಿಸಿ, ಒಬ್ಬರ ತಾಟಿನಲ್ಲಿ ಮುಗಿದದ್ದನ್ನು ಇನ್ನೊಬ್ಬರು ಕೇಳದೆಯೇ ಬಡಿಸುತ್ತ, ಒಂದೇ ಒಂದು ಮಾತಾಡದೆ ಉಂಡರು. ಅವರಿಗೆ ಇನ್ನೂರು ಮುದುಕರ ಹಡಗು ಸಿಕ್ಕಿತು. ಸಿಟ್ಟಾಗಿಯೇ ಹೋದರು. ಅಲ್ಲಿಂದ ಕಳಿಸಿದ ಫೋಟೋದಲ್ಲಿ ಇಬ್ಬರೂ ಒಂದೇ ಶಾಲು ಹೊದ್ದು ಡೆಕ್ಕಿನಲ್ಲಿ ನಿದ್ದೆ ಹೋಗಿದ್ದರು.

ಇಂಥ ಶಿವಶರಣಪ್ಪನವರು ಒಂದು ಬೆಳಿಗ್ಗೆ ಬಂದು, ಕಂಪ್ಯೂಟರ್ ಹಚ್ಚದೆ, ಹಳದಿ ಕಾರ್ಡೊಂದನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತರು. ಹನ್ನೊಂದು ಗಂಟೆಯಾದರೂ ಕಾರ್ಡಿನ ಮೇಲೆ ಒಂದೇ ಪದವಿತ್ತು: ನೀಲಮ್ಮ. ಅವರ ಹೆಂಡತಿ.

ನೀಲಮ್ಮನವರ ಹೊಟ್ಟೆಯಲ್ಲಿ ಗಡ್ಡೆ ಇರುವುದು, ಔಷಧ ನಡೆದಿರುವುದು ನನಗೆ ಗೊತ್ತಿತ್ತು. ಔಷಧ ಇನ್ನು ಸಾಕು ಎಂದು ಡಾಕ್ಟರು ಹೇಳಿದ್ದು ಗೊತ್ತಿರಲಿಲ್ಲ. "ನಾಕು ತಿಂಗಳು ತಿರಗ್ಯಾಡಾಕ ಅಡ್ಡಿಯಿಲ್ಲ ಅಂದಾರ," ಎಂದರು. "ಆಮ್ಯಾಲಿಂದು ಏನೂ ಹೇಳಲಿಲ್ಲ. ನಾ ಕೇಳಲೂ ಇಲ್ಲ. ಮನಿಗೆ ಬರೂವಾಗ ಆಟೋದಾಗ ಆಕಿ ಅಂದ್ಲು, ಎಲ್ಲಾರನ್ನೂ ಕಳಸ್ತೀರಿ, ನನ್ನೂ ಒಮ್ಮೆ ನೀರ ಮ್ಯಾಲ ಕರಕೊಂಡು ಹೋಗ್ರಿ. ನಲವತ್ತೊಂದು ವರ್ಷದಾಗ ಆಕಿ ಕೇಳಿದ್ದು ಇದೊಂದ."

"ಯಾವ ಹಡಗು ಸರ್?"

ಅವರು ಕಾರ್ಡನ್ನು ನನ್ನ ಕಡೆ ತಿರುಗಿಸಿದರು. ನಾಲ್ಕು ಪ್ರಶ್ನೆಗಳೂ ಖಾಲಿ ಇದ್ದವು.

"ಆಕಿ ಉಣ್ಣೂದು ನಾ ನೋಡಿಲ್ಲ, ತಂಗಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ನಮ್ಮ ಮನೆಯೂ ನೆನಪಾಯಿತು. ನನ್ನ ಅಜ್ಜಿ ಅಜ್ಜನೆದುರು ಕೂತು ಉಂಡದ್ದನ್ನು ನಾನೂ ನೋಡಿಲ್ಲ. ಶಿವಶರಣಪ್ಪನವರು ಬೆಳಿಗ್ಗೆ ಹತ್ತಕ್ಕೆ ರೊಟ್ಟಿ ಉಂಡು ಕಚೇರಿಗೆ ಬರುತ್ತಿದ್ದರು, ಆಕೆ ಬಡಿಸುತ್ತಿದ್ದರು. ಸಂಜೆ ಹಿಂದಿರುಗಿ ಉಣ್ಣುತ್ತಿದ್ದರು, ಆಗಲೂ ಬಡಿಸುತ್ತಿದ್ದರು. ಅವರು ಕೈ ತೊಳೆದು ಟಿವಿಯ ಮುಂದೆ ಕೂತ ಮೇಲೆ ಅಡುಗೆಮನೆಯಲ್ಲಿ ಏನೋ ನಡೆಯುತ್ತಿತ್ತು. ಅದು ಆಕೆಯ ಊಟ. ಮಕ್ಕಳಿರಲಿಲ್ಲ. ಮದುವೆ, ಮುಂಜಿವೆಗೆ ಹೋದರೂ ಗಂಡಸರ ಪಂಕ್ತಿ ಬೇರೆ, ಹೆಂಗಸರ ಪಂಕ್ತಿ ಬೇರೆ.

"ನಿನ್ನೆ ನನ್ನ ಜೋಡಿ ಕುಂಡ್ರು ಅಂದೆ," ಎಂದರು. "ನಿಮಗೇನರ ಜ್ವರ ಬಂದಾವೇನ್ರಿ ಅಂತ ಹಣಿ ಮುಟ್ಟಿ ನೋಡಿದ್ಲು. ಕುಂತ್ಲು. ಎರಡು ತುತ್ತು ತಿಂದು ಮೊಸರು ತರ್ತೀನಂತ ಎದ್ದು ಹ್ವಾದಾಕಿ ಹೊಳ್ಳಿ ಬರಲಿಲ್ಲ. ನೀವು ಎದುರಿಗಿದ್ರ ಗಂಟಲದಾಗ ಇಳಿಯೂದಿಲ್ರಿ ಅಂದ್ಲು. ಯಾವ ಹಡಗ ಬೇಕು ಅಂದ್ರ, ನಿಮಗ ಹೆಂಗ ಸರಿ ಕಾಣತೈತಿ ಹಂಗ ಮಾಡ್ರಿ ಅಂತಾಳ." ಕಾರ್ಡನ್ನು ನನ್ನ ಕೈಗಿಟ್ಟು, "ನೀ ಹೋಗಿ ನೋಡಿ ಬಾ," ಎಂದರು.

ಮರುದಿನ ಎರಡು ಗಂಟೆಗೆ ನಾರಾಯಣಗುಡದ ಅವರ ಮನೆಗೆ ಹೋದೆ. ಎರಡನೇ ಮಹಡಿ. ನೀಲಮ್ಮನವರು ಸಣಕಲಾಗಿದ್ದರು, ತಲೆಗೆ ಸೆರಗು ಕಟ್ಟಿಕೊಂಡಿದ್ದರು. "ಕಾರ್ಡು ತಂದೀಯೇನು?" ಎಂದು ಕೇಳಿದರು. ನಾನು ಪೆಚ್ಚಾದೆ. "ನಾಚ್ಕೋಬ್ಯಾಡ, ಒಳಗ ಬಾ. ಇವತ್ತ ಪುಂಡಿ ಪಲ್ಯ ಮಾಡೀನಿ."

ಅಡುಗೆಮನೆಯ ಹಿಂದಿನ ಕಿಟಕಿಯ ಹತ್ತಿರ ಮಣೆ ಹಾಕಿದರು. ಆ ಕಿಟಕಿಯಿಂದ ಒಂದು ಕೋಲಿನಷ್ಟು ದೂರದಲ್ಲೇ ಹಿಂದಿನ ಕಟ್ಟಡ. ಅದರ ಎರಡು ಅಡುಗೆಮನೆಗಳ ಕಿಟಕಿಗಳು ಇವರ ಕಿಟಕಿಗೆ ಎದುರಾಗಿದ್ದವು. ನೀಲಮ್ಮನವರು ತಾಟಿಗೆ ಚಟ್ನಿ ಹಾಕಿಕೊಂಡು, ಸೌಟಿನಿಂದ ಕಿಟಕಿಯ ಸರಳಿಗೆ ಎರಡು ಸಲ ಬಡಿದರು. ಎದುರಿನ ಎರಡೂ ಕಿಟಕಿಗಳು ತೆರೆದವು. ಒಂದರಲ್ಲಿ ಸುಜಾತ ಎಂಬ ತೆಲುಗು ಹೆಂಗಸು, ಇನ್ನೊಂದರಲ್ಲಿ ರೆಹಾನಾ ಎಂಬವರು. ಇಬ್ಬರ ಕೈಯಲ್ಲೂ ತಾಟು.

"ಏಂ ಕೂರ, ವದಿನಾ?" ಎಂದು ಸುಜಾತ, ಇಂದಿನ ಪಲ್ಯ ಯಾವುದು ಅತ್ತಿಗೆ ಎಂದು ಕೇಳಿದರು.

"ಪುಂಡಿ. ನಿಂದು ಇವತ್ತೂ ಟೊಮೆಟೊನ? ನಿನ್ನ ಗಂಡ ಆ ಟೊಮೆಟೊ ತಿಂದು ತಿಂದು ಕೆಂಪಗಾಗ್ಯಾನ ನೋಡು."

"ಮೇರಾ ಭೀ ಸುನೋ ಆಪಾ," ನನ್ನದೂ ಕೇಳು ಅಕ್ಕಾ, ಎಂದು ರೆಹಾನಾ ತಮ್ಮ ಅತ್ತೆಯ ಕತೆ ಶುರು ಮಾಡಿದರು. ಅದು ಮುಗಿಯುವುದಕ್ಕೆ ಬಿಡದೆ ನೀಲಮ್ಮನವರು ಆ ಅತ್ತೆಯ ಹಾಗೆಯೇ ಮೂಗೆಳೆದು, ಸೊಂಟದ ಮೇಲೆ ಕೈಯಿಟ್ಟು ತೋರಿಸಿದರು. ಮೂರು ಕಿಟಕಿ, ಮೂರು ಭಾಷೆ. ಯಾರೂ ತಮ್ಮ ಭಾಷೆ ಬಿಡಲಿಲ್ಲ, ಯಾರಿಗೂ ಏನೂ ತಿಳಿಯದೆ ಉಳಿಯಲಿಲ್ಲ. ಉಪ್ಪಿನಕಾಯಿ ಕೋಲಿಗೆ ಕಟ್ಟಿದ ಡಬ್ಬಿಯಲ್ಲಿ ಇತ್ತಿಂದ ಅತ್ತ ಹೋಯಿತು, ಅತ್ತಿಂದ ಖುಬಾನಿ ಕಾ ಮೀಠಾ ಎಂಬ ಸಿಹಿ ಬಂತು. ನೀಲಮ್ಮನವರು ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ನಗುತ್ತಿದ್ದರು. ನಕ್ಕು ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂದು, ಗೋಡೆಗೆ ಒರಗಿಕೊಂಡು ಮತ್ತೆ ನಗುತ್ತಿದ್ದರು. ಊಟ ಮುಗಿಯುವುದಕ್ಕೆ ಒಂದು ತಾಸು ಹಿಡಿಯಿತು. ಮನೆಯ ಯಜಮಾನರು ಅಷ್ಟು ವರ್ಷ ಕಚೇರಿಯಲ್ಲಿದ್ದ ಹೊತ್ತಿನಲ್ಲೆಲ್ಲ ಈ ಸಭೆ ದಿನವೂ ನಡೆದಿತ್ತು.

ಕಿಟಕಿಗಳು ಮುಚ್ಚಿದ ಮೇಲೆ ಆಕೆ ನನ್ನ ಮೊಣಕೈ ಹಿಡಿದರು. "ಇದನ್ನ ಅವರಿಗೆ ಹೇಳಬ್ಯಾಡ, ಯವ್ವಾ. ನಾ ಇಷ್ಟು ಗದ್ದಲ ಮಾಡ್ತೀನಂತ ಅವರಿಗೆ ಗೊತ್ತಿಲ್ಲ. ನನ್ನ ಹೆಂಡತಿ ಭಾಳ ಶಾಂತ ಅಂತ ಬಂದವರ ಮುಂದೆಲ್ಲಾ ಹೇಳ್ತಾರ. ಈಗ ಈ ಹೊತ್ತಿನ್ಯಾಗ ಯಾಕ?"

"ಹೇಳೂದಿಲ್ರಿ," ಎಂದೆ.

ಗುಟ್ಟು ಕಾಯುವುದನ್ನು ನಾನು ಯಾವಾಗಲೂ ಒಳ್ಳೆಯ ಗುಣವೆಂದೇ ತಿಳಿದವಳು. ನನ್ನ ಗುಟ್ಟನ್ನು ಯಾರೂ ಹೇಳದಿರಲಿ ಎಂದು ಬಯಸುವವಳು ಇನ್ನೊಬ್ಬರದನ್ನೂ ಹೇಳಬಾರದು. ಕಚೇರಿಗೆ ಬಂದು ಕಾರ್ಡು ತುಂಬಿದೆ. ಮೊದಲು ಮುಟ್ಟುವುದು: ಚಟ್ನಿ. ಹೊತ್ತು: ಒಂದು ತಾಸು. ನೋಡುವುದು: ಕಿಟಕಿಯ ಕಡೆ. ಮೂರೂ ನಿಜ. ನಾಲ್ಕನೆಯದನ್ನು ಖಾಲಿ ಬಿಟ್ಟೆ. ಅವರು ಅಲ್ಲೇ ಬೆರಳಿಟ್ಟರು.

"ಮಾತೋ ಮೌನವೋ?"

"ಮಾತು ಕಡಿಮಿ ಸರ್," ಎಂದೆ.

ಅವರು ಕಾರ್ಡನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. "ಒಂದು ತಾಸು ಒಬ್ಬಾಕೀನ ಕುಂತು ಕಿಟಕಿ ನೋಡಕೋತ ಉಣತಾಳ," ಎಂದರು. "ನಲವತ್ತೊಂದು ವರ್ಷ ಆ ಅಡಗಿಮನಿ ಕಿಟಕಿ. ಆತು. ಆಕಿಗೊಂದು ದೊಡ್ಡ ಕಿಟಕಿ ಕೊಡೂನು."

ಆರಿಸಿದ್ದು ನೂರೈವತ್ತು ಜನರ ಪುಟ್ಟ ಹಡಗು. ಮಕ್ಕಳಿಗೆ ಪ್ರವೇಶವಿಲ್ಲ, ಗಾಯನವಿಲ್ಲ, ಇಬ್ಬಿಬ್ಬರಿಗೇ ಬೇರೆ ಬೇರೆ ಮೇಜು, ನರ್ಸು ಇದ್ದಾಳೆ, ಕೋಣೆಗೆ ಗೋಡೆಯಗಲದ ಗಾಜು. ನಾನು ಮೊದಲ ವಾರ ಮಾಡಿದ ಕೋಷ್ಟಕದ ಕೊನೆಯ ಸಾಲು ಅದು. ಖಾತ್ರಿ ಮಾಡಲು ಮೂರು ದಿನ ಸಮಯವಿತ್ತು. ಆ ಮೂರು ದಿನವೂ ನಾನು ಅವರ ಎದುರಿಗೇ ಕೂತಿದ್ದೆ. ಕೊನೆಯ ದಿನ ಗುಂಡಿ ಒತ್ತುವ ಮೊದಲು ನನ್ನ ಕಡೆ ತಿರುಗಿ ಕೇಳಿದರು: "ಸರಿ ಐತಿಲ್ಲ, ತಂಗಿ?" ಬೇರೆ ಯಾರ ಹಡಗಿಗೂ ಅವರು ನನ್ನನ್ನು ಹಾಗೆ ಕೇಳಿದವರಲ್ಲ.

"ಸರಿ ಐತ್ರಿ," ಎಂದೆ.

ಅವರು ಹೋಗಿ ಬಂದ ಮೇಲೆ ನೀಲಮ್ಮನವರನ್ನು ನೋಡಲು ಹೋದೆ. ಆಗಲೇ ಹಾಸಿಗೆ ಹಿಡಿದಿದ್ದರು. ಹೇಗಿತ್ತೆಂದು ಕೇಳಿದೆ.

"ಭಾಳ ಚಂದ. ದವಾಖಾನಿಯಂಗ ಸ್ವಚ್ಛ," ಎಂದರು. "ಎಲ್ಲಾರೂ ಎಷ್ಟು ಸಣ್ಣಗ ಮಾತಾಡ್ತಿದ್ರಂದ್ರ, ನನ್ನ ಕಿವಿನೂ ಹ್ವಾದವೇನೋ ಅಂತ ಅಂಜಿದ್ದೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಇವರಿಗೆ ಭಾಳ ಖುಷಿ ಆತು. ದಿನಾ ನನ್ನ ಎದುರಿಗೆ ಕುಂತು ನಾ ಉಣ್ಣೂದ ನೋಡ್ತಿದ್ರು. ಹಂಗ ನೋಡಿದ್ರ ಏನ್ ಉಣ್ಣಲಿ ಹೇಳು."

ನನ್ನ ಬಾಯಿಂದ ಏನೋ ಹೊರಡುವುದರಲ್ಲಿತ್ತು. ಆಕೆ ಬೇಡವೆನ್ನುವಂತೆ ನನ್ನ ಕೈ ಮೇಲೆ ಕೈಯಿಟ್ಟರು. ಆರು ವಾರದಲ್ಲಿ ತೀರಿಕೊಂಡರು.

ಆ ಹೊತ್ತಿಗೆ ನನಗೆ ಮಾದಾಪುರದಲ್ಲಿ ಕೆಲಸ ಸಿಕ್ಕಿತ್ತು. ಒಂದು ಭಾನುವಾರ ಮಧ್ಯಾಹ್ನ ಶಿವಶರಣಪ್ಪನವರು ಫೋನ್ ಮಾಡಿ ಕಚೇರಿಗೆ ಬಾ ಎಂದರು. ಕೆಳಗಿನ ಅಂಗಡಿ ಮುಚ್ಚಿತ್ತು. ಅವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ನನ್ನನ್ನು ಕಂಡು ಖುರ್ಚಿ ತಿರುಗಿಸಿದರು.

"ಆಕಿ ದಿನದ ಕಾರ್ಯ ಮಾಡಿದಾಗ ಆ ಹಿಂದಿನ ಮನಿ ಹೆಣ್ಣಮಕ್ಕಳು ಬಂದಿದ್ರು. ಅಳಕೋತ ಹೇಳಿದ್ರು, ಆಪಾ ನಮ್ಮನ್ನ ದಿನಾ ನಗಸ್ತಿದ್ಲು, ಇನ್ನ ಮಧ್ಯಾಹ್ನದ ಊಟ ಹೆಂಗ ಉಣ್ಣೂದು ಅಂತ. ನಾ ಏನ್ ತಿಳಕೊಂಡೆ ಗೊತ್ತೇನು? ಪಾಪ, ಮನಿ ತಪ್ಪಿ ಬಂದಾರ ಅಂತ ತಿಳಕೊಂಡೆ."

ನಾನು ಕೆಳಗೆ ನೋಡಿದೆ.

"ನೀ ನೋಡಿದ್ದಿ."

"ನೋಡಿದ್ದೆ ಸರ್."

"ಹೇಳಲಿಲ್ಲ."

"ಅಮ್ಮಾರು ಬ್ಯಾಡ ಅಂದಿದ್ರು. ಆದ್ರೂ ಹೇಳಬೇಕಿತ್ತು. ನೀವು ಸರಿ ಐತಿಲ್ಲ ಅಂದಾಗರ ಹೇಳಬೇಕಿತ್ತು."

ಅವರು ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. "ಊರ ಮಂದಿ ಮನ್ಯಾಗ ಹೋಗಿ ಉಂಡಾಂವ ನಾ," ಎಂದರು. "ಮಧ್ಯಾಹ್ನ ಒಂದು ದಿನ ನನ್ನ ಮನಿಗೆ ಹೋಗಿದ್ರ ಮುಗೀತಿತ್ತು. ನಿನಗೇನನ್ನಲಿ?"

ಆಮೇಲೆ ಹಡಗಿನ ಮಾತು ತೆಗೆದರು. ಐದನೆಯ ದಿನ ಸಂಜೆ, ಇನ್ನೂ ಬೆಳಕಿರುವಾಗ, ಇವರ ಪುಟ್ಟ ಹಡಗಿನ ಬದಿಗೆ ದೂರದಲ್ಲಿ ಒಂದು ದೊಡ್ಡ ಹಡಗು ಹಾದುಹೋಯಿತಂತೆ. ಹನ್ನೆರಡು ಅಂತಸ್ತು, ತುಂಬ ಜನ, ವಾದ್ಯದ ಸದ್ದು ನೀರಿನ ಮೇಲೆ ಬರುತ್ತಿತ್ತು. ಕೋಣೆಯಲ್ಲಿ ಮಲಗಿದ್ದ ನೀಲಮ್ಮನವರು ಎದ್ದು ಹೊರಗೆ ಹೋಗಿ ಕಟಕಟೆ ಹಿಡಿದು ನಿಂತರು.

"ನಿಲ್ಲಾಕ ತ್ರಾಣ ಇರಲಿಲ್ಲ ಆಕಿಗೆ. ಆದ್ರ ಎರಡೂ ಕೈ ಎತ್ತಿ ಬೀಸಾಕತ್ತಿದ್ಲು. ಆ ಕಡಿಂದ ಮಂದಿ ಬೀಸಿದ್ರು. ಅದು ಸಣ್ಣದಾಗಿ ಕಾಣದಂಗ ಆಗೂತನಕ ಬೀಸಿದ್ಲು. ಗುರ್ತಿನವರೇನು ಅಂತ ನಾ ಚಾಷ್ಟಿ ಮಾಡಿದೆ. ಅಲ್ರಿ, ಸುಮ್ಮನ, ಅಂದ್ಲು. ಥಂಡಿ ಹತ್ತತೈತಿ ಅಂತ ಶಾಲು ಹೊದಿಸಿ ಒಳಗ ಕರಕೊಂಡು ಬಂದೆ."

ರಸ್ತೆಯಲ್ಲಿ ಹಾರ್ನುಗಳು ಕೇಳಿಸುತ್ತಿದ್ದವು. ಅದೇ ನಮ್ಮ ಕೊನೆಯ ಭೇಟಿಯೆಂದು ನನಗೆ ತಿಳಿದಿರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವರೂ ಹೋದರು. ಸುದ್ದಿ ನನಗೆ ಹನ್ನೆರಡು ದಿನ ತಡವಾಗಿ ಮುಟ್ಟಿತು. ಈಗ ಆ ಮಹಡಿಯಲ್ಲಿ ಕನ್ನಡಕದ ಅಂಗಡಿ ಇದೆ.

ಆ ಭಾನುವಾರ ನಾನು ಎದ್ದು ಹೊರಡಲು ನೋಡಿದಾಗ ಅವರು ತಡೆದರು.

"ಒಂದು ಕೇಳ್ತೀನಿ. ಆಕಿ ನಕ್ರ ಹೆಂಗ ಕಾಣತಿದ್ಲು?"

ನಾನು ಮತ್ತೆ ಕೂತೆ. ಸೌಟು ಹಿಡಿದ ಕೈಯಿಂದ ಶುರು ಮಾಡಿದೆ. ಸರಳಿಗೆ ಎಷ್ಟು ಸಲ ಬಡಿದರು, ಯಾವ ಕಿಟಕಿ ಮೊದಲು ತೆರೆಯಿತು, ಟೊಮೆಟೊ ಬಗ್ಗೆ ಏನೆಂದರು, ಯಾರ ಅತ್ತೆಯ ಹಾಗೆ ಮೂಗೆಳೆದರು. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುನಡುವೆ ತಡೆದು, "ಯಾವ ಕೈಲೆ?" ಎಂದೋ, "ಗ್ವಾಡಿಗೆ ಒರಗಿದ್ಲು ಅಂದೀ, ಆಮ್ಯಾಲ?" ಎಂದೋ ಕೇಳುತ್ತಿದ್ದರು. ಎದುರಿನ ಕಟ್ಟಡದ ಮೇಲಿಂದ ಬಿಸಿಲು ಇಳಿದು ಹೋಗುವವರೆಗೂ ಹೇಳಿದೆ. ಅವತ್ತು ನಾನು ಏನನ್ನೂ ಬಿಡಲಿಲ್ಲ.